ಬಿಸಿಲಿಗೆ ಅಡ್ಡ ನಿಂತ ಭಾವ

ನಮ್ಮ ಭಾವನಿಗೂ ಸೂರ್ಯನಿಗೂ ಮಾತಿಲ್ಲ!

ನಗಬೇಡಿ. ಮಾತು ಬಿಟ್ಟ ನೆಂಟರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಕರೆಯೋಲೆಯಲ್ಲಿ ಹೆಸರು ಕೆಳಗೆ ಬಂತೆಂದು ಮಾತು ಬಿಟ್ಟವರಿದ್ದಾರೆ, ಮದುವೆಮನೆಯಲ್ಲಿ ಹೋಳಿಗೆ ಎರಡನೇ ಸಲ ಬರಲಿಲ್ಲವೆಂದು ಮಾತು ಬಿಟ್ಟವರಿದ್ದಾರೆ. ಆದರೆ ನೇರವಾಗಿ ಆಕಾಶದಲ್ಲಿರುವವನ ಜೊತೆಯೇ ಮಾತು ಬಿಟ್ಟವರು ನಮ್ಮ ಕುಟುಂಬದಲ್ಲಂತೂ ಇವರೊಬ್ಬರೇ. ಲೋಕವೆಲ್ಲ ಬೆಳಿಗ್ಗೆ ಎದ್ದು ಪೂರ್ವಕ್ಕೆ ಕೈ ಮುಗಿದರೆ, ಭಾವ ಬಾಗಿಲಿಗೆ ಬಂದು, ಕಣ್ಣು ಕಿರಿದು ಮಾಡಿ, ಕರೆಯದೆ ಬಂದ ನೆಂಟನನ್ನು ನೋಡುವ ಹಾಗೆ ಒಮ್ಮೆ ನೋಡಿ ಒಳಗೆ ಹೋಗಿಬಿಡುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಟ್ಟಿದ್ದು ರಾಯಚೂರಿನ ಕಡೆ. ಅಲ್ಲಿಯ ಬಿಸಿಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಅವರೇ ಹೇಳುತ್ತಾರೆ, ನೀವು ಕೇಳದಿದ್ದರೂ. ಹರೆಯದಲ್ಲಿ ಯಶವಂತಪುರದ ಕಡೆಯ ಒಂದು ಕಾರ್ಖಾನೆಗೆ ಕೆಲಸಕ್ಕೆ ಬಂದರು. ಹೊಟ್ಟೆಪಾಡಿಗೆ ಬಂದರು ಎಂದು ನಾವು ತಿಳಿದಿದ್ದೆವು. ಅಲ್ಲವಂತೆ, ತಂಪಿಗೆ ಬಂದರಂತೆ! ಆಗ ಬೆಂಗಳೂರಿನ ಮನೆಯಲ್ಲಿ ಫ್ಯಾನು ಇದ್ದರೆ ಅದು ಶೋಕಿಗೆ. ಭಾವ ಒಂದು ಸ್ವೆಟರ್ ಕೊಂಡು, ಸೂರ್ಯನಿಗೆ ಚೆನ್ನಾಗಿ ಕೈಕೊಟ್ಟೆ ಅಂದುಕೊಂಡು ಸುಖವಾಗಿದ್ದರು. ಈಚೆಗೆ ಏನಾಯಿತೆಂದು ನಿಮಗೇ ಗೊತ್ತು. ಫೆಬ್ರವರಿ ಮುಗಿಯುವುದರೊಳಗೆ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಸ್ಕೂಟರಿನ ಸೀಟು ದೋಸೆ ಕಾವಲಿಯಾಗಿರುತ್ತದೆ. ಕಡಿದ ಮರ, ಕಾಂಕ್ರೀಟು, ಕೆರೆ ನುಂಗಿದ ಲೇಔಟು, ಇವು ಯಾವುವೂ ಭಾವನ ಲೆಕ್ಕದಲ್ಲಿಲ್ಲ. "ನನ್ನ ಹುಡುಕ್ಕೊಂಡು ಬಂದಾನ," ಎನ್ನುತ್ತಾರೆ, ಹೆಸರೆತ್ತದೆ.

ನಿವೃತ್ತಿಯಾದ ಮೇಲೆ ಅವರು ಹಿಡಿದ ಕಸುಬು ಒಂದೇ. ಕಂಡವರ ಟೆರೇಸಿಗೆ ಚಾವಣಿ ಹಾಕುವುದು! ಯಾರ ಮನೆಗೆ ಹೋದರೂ ಕಾಫಿ ಕುಡಿಯುವುದಿಲ್ಲ, ಕೂರುವುದಿಲ್ಲ. ಚಪ್ಪಲಿ ಬಿಟ್ಟವರೇ ನೇರ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಬರಿಗಾಲಿನಲ್ಲಿ ನಿಲ್ಲುತ್ತಾರೆ. ಕಾಲು ಎಷ್ಟು ಬೇಗ ಎತ್ತಿದರು ಎನ್ನುವುದರ ಮೇಲೆ ಆ ಮನೆಯ ಹಣೆಬರಹ ನಿರ್ಧಾರವಾಗುತ್ತದೆ. ಕುಣಿಯುತ್ತ ಕೆಳಗೆ ಬಂದರೆ ಮುಗಿಯಿತು. ಮುಂದಿನ ವಾರ ಕಬ್ಬಿಣದ ಪೈಪುಗಳು ಮನೆ ಮುಂದೆ ಇಳಿಯುತ್ತವೆ. ಬೇಡವೆಂದರೆ? ಬೇಡವೆಂದವರನ್ನೂ ತಾರಸಿಗೆ ಕರೆದೊಯ್ದು ಬರಿಗಾಲಿನಲ್ಲಿ ನಿಲ್ಲಿಸುತ್ತಾರೆ.

ಆರ್.ಟಿ. ನಗರದ ನಮ್ಮ ಮನೆಯೇ ಇದಕ್ಕೆ ಮೊದಲ ಬಲಿ. ಭಾವ ಹಾಕಿಸಿದ ಚಾವಣಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಬಿರುಗಾಳಿ ಬಂದರೆ ಮನೆ ಹಾರಿಹೋದೀತು, ಚಾವಣಿ ಅಲ್ಲಿಯೇ ನಿಂತಿರುತ್ತದೆ. ಎಡವಟ್ಟಾದದ್ದು ನೀರಿನ ಟ್ಯಾಂಕಿನ ವಿಷಯದಲ್ಲಿ. ಟ್ಯಾಂಕು ಒಡೆದಾಗ ಪ್ಲಂಬರ್ ಬಂದು, ಸುತ್ತ ನಾಲ್ಕು ಸಲ ತಿರುಗಿ, ಸುತ್ತಲೂ ಬೆಸುಗೆ ಹಾಕಿದ ಕಂಬಗಳನ್ನೆಲ್ಲ ಅಲುಗಾಡಿಸಿ ನೋಡಿ, "ಸಾರ್, ಇದನ್ನ ಒಳಗೆ ಹೆಂಗೆ ತಂದ್ರಿ? ಇಲ್ಲೇ ಹುಟ್ತಾ?" ಎಂದು ಕೇಳಿದ. ಭಾವ ಬಂದು ಟ್ಯಾಂಕನ್ನು ಗರಗಸದಿಂದ ಕೊಯ್ದು ಹೊರಗೆ ತೆಗೆಸಿದರು. ಚಾವಣಿಗೆ ಮಾತ್ರ ಕೈ ಹಚ್ಚಗೊಡಲಿಲ್ಲ.

ಆಮೇಲೆ ಸಂಡಿಗೆಯ ಪ್ರಕರಣ. ನೆರಳಿನಲ್ಲಿ ಸಂಡಿಗೆ ಒಣಗುತ್ತದೆಯೇ? ನನ್ನ ಹೆಂಡತಿ, ಜೊತೆಗೆ ರಂಜಾನಿಗೆ ಶಾವಿಗೆ ಒಣಗಿಸಲು ನಮ್ಮ ತಾರಸಿಯನ್ನೇ ನಂಬಿಕೊಂಡಿದ್ದ ಪಕ್ಕದ ಮನೆಯ ಬೂಬಮ್ಮ, ಇಬ್ಬರೂ ಸೇರಿ ಭಾವನಿಗೆ ಘೇರಾವ್ ಹಾಕಿದರು. ನಮಗೆ ನಮ್ಮ ಬಿಸಿಲು ವಾಪಸ್ ಬೇಕು ಎನ್ನುವುದು ಅವರ ಬೇಡಿಕೆ. ಭಾವ ಬಹಳ ಹೊತ್ತು ಯೋಚಿಸಿ, ಚಾವಣಿಯ ಒಂದು ಭಾಗಕ್ಕೆ ಗೇಟಿನ ಚಕ್ರ ಹಾಕಿಸಿ, ಎಳೆದರೆ ತೆರೆಯುವ ಹಾಗೆ ಮಾಡಿಕೊಟ್ಟರು. ಈಗ ನಮ್ಮ ಮನೆಯಲ್ಲಿ ಬಿಸಿಲಿಗೂ ಬಾಗಿಲಿದೆ! ಅದನ್ನು ತೆರೆಯುವ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ಕೂರುತ್ತವೆ ಎನ್ನುವುದೊಂದು ಬಿಟ್ಟರೆ ಎಲ್ಲ ಅನುಕೂಲವೇ.

ಸೂರ್ಯನ ವಿಷಯ ಇದಾದರೆ, ಭಾವನ ಇನ್ನೊಬ್ಬ ಶತ್ರು ಬೆಂಕಿ. ಕಾರ್ಖಾನೆಯಲ್ಲಿ ಅವರಿದ್ದದ್ದು ಸುರಕ್ಷತಾ ವಿಭಾಗದಲ್ಲಿ. ಕೆಂಪು ಬಕೆಟ್ಟಿನಲ್ಲಿ ಮರಳು ತುಂಬಿಸಿ, ಬೆಂಕಿ ಬರಲಿ ಎಂದು ಕಾದದ್ದೇ ಕಾದದ್ದು. ಒಂದು ದಿನವೂ ಬರಲಿಲ್ಲ. ಇಡೀ ನೌಕರಿಯಲ್ಲಿ ಒಂದು ಬೆಂಕಿಯನ್ನೂ ಆರಿಸದ ಅಗ್ನಿಶಾಮಕನ ಸಂಕಟ ನಿಮಗೆ ಅರ್ಥವಾಗುತ್ತದೆಯೇ? ಆ ಸಂಕಟವನ್ನು ಅವರು ಈಗ ತಮ್ಮ ಮನೆಯಿರುವ ಸಹಕಾರನಗರದ ರಸ್ತೆಗಳಲ್ಲಿ ತೀರಿಸಿಕೊಳ್ಳುತ್ತಾರೆ. ಬೆಳಗಿನ ವಾಕಿಂಗಿಗೆ ನೀರಿನ ಬಾಟಲಿ ಹಿಡಿದು ಹೋಗುತ್ತಾರೆ; ಕುಡಿಯುವುದಕ್ಕಲ್ಲ, ಯಾರಾದರೂ ತರಗೆಲೆ ಗುಡ್ಡೆ ಮಾಡಿ ಕಡ್ಡಿ ಗೀರಿದ್ದರೆ ಅದರ ಮೇಲೆ ಸುರಿಯುವುದಕ್ಕೆ. ಮದುವೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಅಡುಗೆಯವರ ಒಲೆ ಚಪ್ಪರದಿಂದ ಎಷ್ಟು ದೂರವಿದೆ ಎಂದು ನೋಡುತ್ತಾರೆ. ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಕುದಿಯುವ ಸಾರಿನ ಸಮೇತ ಒಲೆಯನ್ನು ಜರುಗಿಸಲು ಹೋಗಿ, ಊಟ ತಡವಾಗಿ, ಬೀಗರು ಮುನಿಸಿಕೊಂಡು, ಕೊನೆಗೆ ಭಾವನನ್ನೇ ಚಪ್ಪರದಿಂದ ದೂರ ಕೂರಿಸಬೇಕಾಯಿತು.

ಹೀಗಾಗಿ ಚಾವಣಿಗೆ ಬಳಸುವ ಯಾವ ಸಾಮಾನೇ ಆಗಲಿ ಮೊದಲು ಅಗ್ನಿಪರೀಕ್ಷೆ ಗೆಲ್ಲಬೇಕು. ಅದಕ್ಕಾಗಿ ಭಾವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಕರ್ಪೂರದ ಪೊಟ್ಟಣ ಇರುತ್ತದೆ. ಸಾಮಾನಿನ ಮೇಲೆ ಒಂದು ಬಿಲ್ಲೆ ಇಟ್ಟು ಹಚ್ಚುತ್ತಾರೆ. ಕರ್ಪೂರ ಉರಿದು ಮುಗಿದಾಗ ಸಾಮಾನು ಉಳಿದಿದ್ದರೆ ಪಾಸು. ಬಿದಿರು ತಟ್ಟಿ, ತೆಂಗಿನ ಗರಿ, ಹಸಿರು ಬಲೆ, ಬಣ್ಣಬಣ್ಣದ ಪ್ಲಾಸ್ಟಿಕ್ ಶೀಟು, ಇವೆಲ್ಲ ಮೊದಲ ಬಿಲ್ಲೆಗೇ ಫೇಲು. ಮೈತುಂಬ ಕರ್ಪೂರದ ವಾಸನೆ ಇರುವುದರಿಂದ ಹೊಸಬರು ಅವರನ್ನು ಮಹಾ ದೈವಭಕ್ತರು ಎಂದುಕೊಂಡು ಜಾಗ ಬಿಟ್ಟುಕೊಡುತ್ತಾರೆ. ಬಸ್ಸಿನಲ್ಲಿ ಇದರಿಂದ ತುಂಬಾ ಅನುಕೂಲ.

ಇಷ್ಟೆಲ್ಲ ಊರಿಗೆ ನೆರಳು ಮಾಡಿದ ಮನುಷ್ಯನ ಸ್ವಂತ ತಾರಸಿ ಹೇಗಿತ್ತು? ಬಟಾಬಯಲು! ಒಂದು ಸಾಮಾನೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಬೇರೆಯವರ ಮನೆಗೆ ಪಾಸಾದದ್ದೂ ತಮ್ಮ ಮನೆಗೆ ಬಂದಾಗ ಫೇಲಾಗುತ್ತಿತ್ತು. ಅಕ್ಕ ಇದನ್ನು ನಗುತ್ತಲೇ ಸಹಿಸಿಕೊಂಡಿದ್ದಳು, ಅವಳ ಮಂಡಿಗೆ ಪೆಟ್ಟಾಗುವ ತನಕ.

ಅಕ್ಕ ಭರತನಾಟ್ಯ ಕಲಿಸುವವಳು. ಮದುವೆಗೆ ಮುಂಚೆಯಿಂದ ಕುಣಿದವಳು, ಸುತ್ತಲಿನ ಅರ್ಧ ಬಡಾವಣೆಯ ಹೆಣ್ಣುಮಕ್ಕಳಿಗೆ ಅರೆಮಂಡಿ ಕೂರಿಸಿದವಳು. ಭಾವ ಅವಳ ಒಂದು ಕಾರ್ಯಕ್ರಮವನ್ನೂ ಪೂರ್ತಿ ಕೂತು ನೋಡಿದವರಲ್ಲ. ಪಲ್ಲವಿ ಶುರುವಾಗುವುದರೊಳಗೆ ಎದ್ದು, ಸಭಾಂಗಣದ ತುರ್ತು ಬಾಗಿಲಿಗೆ ಬೀಗ ಹಾಕಿದ್ದಾರೋ ಏನೋ ಎಂದು ನೋಡಲು ಹೋಗುತ್ತಿದ್ದರು. ಅವಳ ತರಗತಿ ನಡೆಯುತ್ತಿದ್ದದ್ದು ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ, ಹಳೆಯ ಮರದ ವೇದಿಕೆಯ ಮೇಲೆ. ಸಭಾಂಗಣದವರಿಗೆ ಒಂದು ದಿನ ಅಭಿವೃದ್ಧಿಯ ಹುಕಿ ಬಂತು. ಮರ ಕಿತ್ತು ಪಳಪಳ ಹೊಳೆಯುವ ಗ್ರಾನೈಟು ಹಾಕಿಸಿದರು. ನೋಡಲು ಚೆಂದವೇ. ಆದರೆ ಕಲ್ಲಿನ ಮೇಲೆ ದಿನಾ ಹೆಜ್ಜೆ ತಟ್ಟಿದರೆ ಮಂಡಿ ಎಷ್ಟು ದಿನ ತಡೆದೀತು? ಆ ಮಳೆಗಾಲ ಮುಗಿಯುವುದರೊಳಗೆ ಅಕ್ಕನ ಮಂಡಿ ಊದಿಕೊಂಡು, ಡಾಕ್ಟರು ಕಲ್ಲು ಸಿಮೆಂಟಿನ ಮೇಲೆ ಕುಣಿಯುವ ಹಾಗೇ ಇಲ್ಲ ಎಂದುಬಿಟ್ಟರು. ಮರದ ನೆಲವಾದರೆ ಮೆಲ್ಲಗೆ ಶುರುಮಾಡಬಹುದು ಎಂದೂ ಹೇಳಿದರಂತೆ.

ಅಂದಿನಿಂದ ಅಕ್ಕ ಮನೆಯ ಹಜಾರದಲ್ಲಿ ಕುರ್ಚಿಯ ಮೇಲೆ ಕೂತು, ಕೋಲು ತಟ್ಟಿ, ಬಾಯಲ್ಲೇ ಹೆಜ್ಜೆ ಹೇಳಿ ಕಲಿಸತೊಡಗಿದಳು. ನಾನೊಮ್ಮೆ ನೋಡಿದೆ. ಮಕ್ಕಳು ತಪ್ಪು ಮಾಡಿದಾಗ ಅವಳು ತೋರಿಸಲೆಂದು ತಟ್ಟನೆ ಅರ್ಧ ಏಳುತ್ತಾಳೆ, ಆಮೇಲೆ ನೆನಪಾಗಿ ಕೂರುತ್ತಾಳೆ. ಎದ್ದು ಕೂರುವ ಆ ನಡುವಿನಲ್ಲಿ ಅವಳ ಮುಖ ನೋಡಲು ನನಗೆ ಆಗಲಿಲ್ಲ, ಕಾಫಿ ನೆಪ ಹೇಳಿ ಅಡುಗೆಮನೆಗೆ ಹೋದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅಕ್ಕ ಗಂಡನಿಗೆ ನೇರವಾಗಿಯೇ ಹೇಳಿದಳು. ಬೇಸಿಗೆ ರಜದಲ್ಲಿ ಹೊಸ ಮಕ್ಕಳು ಸೇರುತ್ತಾರೆ. ಅಷ್ಟರೊಳಗೆ ತಾರಸಿಯ ಮೇಲೆ ಮರದ ನೆಲ, ಅದರ ಮೇಲೆ ನೆರಳು ಆಗಬೇಕು. ನಾನೂ ಅಲ್ಲಿಯೇ ಇದ್ದೆ. ಮರ ಎಂಬ ಮಾತು ಕೇಳಿಯೇ ಭಾವ ತಟ್ಟನೆ ಎದ್ದು ನಿಂತರು.

"ಮರ ಅಂದ್ರ ಏನ್ ತಿಳ್ಕೊಂಡಿ? ಇನ್ನಾ ಹತ್ತಲಾರದ ಬೆಂಕಿ ಅದು."

ಅಕ್ಕ ಜಗಳವಾಡಲಿಲ್ಲ. "ಸರಿ ಬಿಡಿ. ಹಾಗಾದ್ರೆ ಏಪ್ರಿಲ್‌ಗೆ ಕ್ಲಾಸ್ ನಿಲ್ಲಿಸ್ತೀನಿ. ಕುರ್ಚಿ ಮೇಲೆ ಕೂತ್ಕೊಂಡು ಡಾನ್ಸ್ ಹೇಳ್ಕೊಡೋಕೆ ನಂಗೆ ನಾಚಿಕೆ ಆಗತ್ತೆ ಕಣ್ರೀ," ಎಂದು ಅನ್ನಕ್ಕೆ ಇಡಲು ಎದ್ದು ಹೋದಳು.

ನಾನು ಹೊರಡುವಾಗ ಭಾವ ಬಾಗಿಲ ತನಕ ಬಂದರು. ಮಾರನೆಯ ದಿನ ಬೆಳಿಗ್ಗೆಯೇ ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದರು. ತಾರಸಿಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದರು. ನನ್ನ ಹೆಂಡತಿ ಗಾಬರಿಯಾಗಿ ನನ್ನನ್ನು ಒಳಗೆ ಕರೆದು, ಭಾವನಿಗೆ ಮೈ ಹುಷಾರಿಲ್ಲವೇನೋ, ಅಕ್ಕನಿಗೆ ಫೋನು ಮಾಡಲೇ ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಭಾವ ಹಜಾರದಿಂದ ಕೂಗಿದರು.

"ತಮ್ಮಾ, ನಡಿ. ಕಟಗಿ ನೋಡ್ಕೊಂಡು ಬರೋಣ."

ಯಶವಂತಪುರದ ಕಡೆ ಹಳೆಯ ಮನೆಗಳನ್ನು ಕೆಡವಿದ ಮರ ಮಾರುವ ಅಂಗಡಿಗಳಿವೆ. ಮೊದಲನೆಯ ಅಂಗಡಿಯಲ್ಲಿ ಮಾಲೀಕರು ಹೊಸ ಹಲಗೆಯೊಂದನ್ನು ತೋರಿಸಿ ಅದರ ಗುಣಗಾನ ಮಾಡುತ್ತಿದ್ದರು. ಭಾವ ಜೇಬಿನಿಂದ ಕರ್ಪೂರ ತೆಗೆದು, ಹಲಗೆಯ ಮೇಲೆ ಇಟ್ಟು ಹಚ್ಚಿದರು. ಮಾಲೀಕರು ಏನು ಮಾಡಬೇಕು ಹೇಳಿ? ಚಪ್ಪಲಿ ಬಿಟ್ಟು, ಎರಡೂ ಕೈಯನ್ನು ಆರತಿಯ ಮೇಲೆ ಆಡಿಸಿ ಕಣ್ಣಿಗೆ ಒತ್ತಿಕೊಂಡರು! ಮರ ಕೊಳ್ಳುವ ಮೊದಲು ಪೂಜೆ ಮಾಡುವಂಥ ಗಿರಾಕಿ ತಮ್ಮ ಅಂಗಡಿಗೆ ಬಂದದ್ದು ಇದೇ ಮೊದಲೆಂದು ಹೇಳಿಕೊಂಡರು. ಒಳಗಿನಿಂದ ಕೆಲಸದವರನ್ನೂ ಕರೆದರು. ಅವರೂ ಸಾಲಾಗಿ ಬಂದು ಆರತಿ ತೆಗೆದುಕೊಂಡರು. ಅಷ್ಟರಲ್ಲಿ ಹಲಗೆಗೇ ಬೆಂಕಿ ಹತ್ತಿ ಹೊಗೆ ಏಳತೊಡಗಿತು. ಭಾವ ಬಾಟಲಿಯ ನೀರು ಸುರಿದು ಆರಿಸಿ, "ಇದು ಬ್ಯಾಡ್ರಿ," ಎಂದು ಹೊರಟೇಬಿಟ್ಟರು. ಮಾಲೀಕರು ಕೈ ಜೋಡಿಸಿದವರು ಜೋಡಿಸಿದ ಹಾಗೆಯೇ ನಿಂತಿದ್ದರು.

ಮುಂದಿನ ಅಂಗಡಿಗಳಲ್ಲಿ ಏನಾಯಿತೆಂದು ವಿವರಿಸುವುದಿಲ್ಲ. ನಾನು ಹೊರಗೆ ಸ್ಕೂಟರಿನ ಹತ್ತಿರ, ನನಗೂ ಅವರಿಗೂ ಸಂಬಂಧವಿಲ್ಲದವನ ಹಾಗೆ ನಿಂತಿದ್ದೆ. ಕೊನೆಗೆ ಒಂದು ಅಂಗಡಿಯ ಹಿಂದೆ, ಯಾವುದೋ ಹಳೆಯ ಮನೆಯ ದಪ್ಪ ಹೊನ್ನೆಯ ತೊಲೆಗಳು ಬಿದ್ದಿದ್ದವು. ಒಂದರ ಮೇಲೆ ಕರ್ಪೂರ ಉರಿದು ಉರಿದು ತಾನೇ ಸುಸ್ತಾಗಿ ಆರಿತು. ಮರದ ಮೇಲೆ ಕಪ್ಪು ಬೊಟ್ಟಿನಷ್ಟು ಗುರುತು, ಅಷ್ಟೇ. ಭಾವ ಇನ್ನೊಂದು ಬಿಲ್ಲೆ ಹಚ್ಚಿದರು. ಅದಕ್ಕೂ ತೊಲೆ ಜಗ್ಗಲಿಲ್ಲ. ನಾನು ನೋಡನೋಡುತ್ತಲೇ ಆ ಮನುಷ್ಯ ಮರದ ಮೇಲೆ ಕೈಯಾಡಿಸಿ, ಊರಿನಿಂದ ಬಂದ ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿದರು.

ಚಾವಣಿಗೆ ಯಾವುದು? ಅದಕ್ಕೂ ಒಂದು ವಾರ ಯೋಚನೆ ನಡೆಯಿತು. ಕಬ್ಬಿಣದ ಚೌಕಟ್ಟಿನ ಮೇಲೆ ಮಣ್ಣಿನ ಹೆಂಚು ಎಂದು ತೀರ್ಮಾನವಾಯಿತು. ಜಗತ್ತಿನಲ್ಲಿ ಭಾವ ಗೌರವ ಕೊಡುವ ವಸ್ತು ಯಾವುದಾದರೂ ಇದ್ದರೆ ಅದು ಹೆಂಚು. "ಒಮ್ಮೆ ಬೆಂಕ್ಯಾಗ ಬೆಂದು ಬಂದದ. ಅದಕ್ಕಿನ್ನ ಯಾರ ಅಂಜಿಕಿ?" ಎಂದರು. ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗಲಿ ಎಂದು ಒಂದು ಬದಿ ಎತ್ತರ, ಒಂದು ಬದಿ ತಗ್ಗು. ತಾರಸಿಯ ನೆಲಕ್ಕೂ ತೊಲೆ ಸೀಳಿಸಿ ಮಾಡಿಸಿದ ಹಲಗೆಗೂ ನಡುವೆ ಗಾಳಿ ಆಡಲೆಂದು ಕೆಳಗೆ ಅಡ್ಡಪಟ್ಟಿ. ಬಡಗಿ ಬೇರೆ ಇದ್ದರು, ಆದರೆ ಅವರನ್ನು ಭಾವ ಕೆಲಸ ಮಾಡಲು ಬಿಟ್ಟರೆ ತಾನೇ! ಒಂದು ಹಲಗೆ ಕೂರಿಸಿದ ಕೂಡಲೇ ಇವರು ಅದರ ಮೇಲೆ ಹತ್ತಿ ನಿಂತುಬಿಡುತ್ತಿದ್ದರು. ಮುಂದಿನ ಹಲಗೆ ಇಡಬೇಕಾದರೆ ಇವರನ್ನು ಇಳಿಸಬೇಕು.

ಇಷ್ಟಾಗುವಾಗ ಮಾರ್ಚ್ ಬಂತು. ಭಾವನ ಕಣ್ಣು ಈಗ ಪಕ್ಕದ ಖಾಲಿ ಸೈಟಿನ ಮೇಲೆ ಬಿತ್ತು. ಎದೆಮಟ್ಟ ಬೆಳೆದು ಒಣಗಿದ ಹುಲ್ಲು, ನಡುವೆ ಊರವರೆಲ್ಲ ತಂದು ಎಸೆದ ಕಸ. ಯಾರೋ ಒಂದು ಬೀಡಿ ಎಸೆದರೂ ಕಿಡಿ ಹಾರಿ ಬರುವುದು ಹೆಂಡತಿಯ ನೆಲದ ಮೇಲೆಯೇ. ಭಾವ ಕುಡುಗೋಲು ತಂದು, ಲುಂಗಿ ಎತ್ತಿ ಕಟ್ಟಿ, ಪರರ ಸೈಟಿನ ಹುಲ್ಲು ಕೊಯ್ಯತೊಡಗಿದರು.

ಇದು ರಾಯಚೂರಿನಲ್ಲಿ ಪರೋಪಕಾರವಿರಬಹುದು. ಬೆಂಗಳೂರಿನಲ್ಲಿ ಇದಕ್ಕಿಂತ ಅನುಮಾನದ ಕೆಲಸ ಇನ್ನೊಂದಿಲ್ಲ! ಖಾಲಿ ಸೈಟಿನಲ್ಲಿ ಕಸ ಇದ್ದರೆ ಅದು ಕ್ಷೇಮವಾಗಿದೆ ಎಂದರ್ಥ. ಯಾರಾದರೂ ಚೊಕ್ಕಟ ಮಾಡಿದರೆಂದರೆ ಮಾಲೀಕನಿಗೆ ನಿದ್ದೆ ಬರುವುದಿಲ್ಲ. ಮೊದಲು ಹುಲ್ಲು ಕೀಳುತ್ತಾರೆ, ಆಮೇಲೆ ಒಂದು ಶೆಡ್ಡು ಏಳುತ್ತದೆ, ಆಮೇಲೆ ಒಂದು ಕಲ್ಲಿಗೆ ಅರಿಶಿನ ಕುಂಕುಮ ಬೀಳುತ್ತದೆ, ಆಮೇಲೆ ಮೊಮ್ಮಕ್ಕಳ ಕಾಲದ ತನಕ ಕೋರ್ಟು. ಯಾರೋ ಫೋನು ಮಾಡಿ ತಿಳಿಸಿದರು. ಸೈಟಿನ ಮಾಲೀಕರು ಅಬ್ಬಿಗೆರೆಯಿಂದ ಕಾರಿನಲ್ಲಿ, ಜೊತೆಗೆ ಒಬ್ಬ ದಪ್ಪ ಮೀಸೆಯ ಬಾಮೈದನನ್ನು ಕೂರಿಸಿಕೊಂಡು ಧಾವಿಸಿ ಬಂದರು. ಅವರು ಬಂದಾಗ ಭಾವ ಬಗ್ಗಿ ಹುಲ್ಲು ಕೊಯ್ಯುತ್ತಿದ್ದರು. ಬಗ್ಗಿದ ರಭಸಕ್ಕೆ ಜೇಬಿನ ಕರ್ಪೂರದ ಪೊಟ್ಟಣ ಜಾರಿ ಮಾಲೀಕರ ಕಾಲ ಬುಡಕ್ಕೇ ಬಿತ್ತು.

ಮಾಲೀಕರು ಪೊಟ್ಟಣ ನೋಡಿದರು. ಸಪಾಟಾದ ನೆಲ ನೋಡಿದರು. ಅಲ್ಲಿ ಬಿದ್ದಿದ್ದ ಒಂದು ಗುಂಡುಕಲ್ಲು ನೋಡಿದರು. ಮುಖ ಬಿಳಿಚಿಕೊಂಡಿತು.

"ಯಾವ ದೇವ್ರು ಸಾರ್?" ಎಂದು ಕೇಳಿದರು, ದನಿಯಲ್ಲಿ ಜೀವವಿಲ್ಲದೆ.

ಭಾವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಬೆವರು ಒರೆಸಿಕೊಂಡು, "ಈ ಹುಲ್ಲು ನಿಮ್ದೇನ್ರಿ? ಭಾಳ ಛಲೋ ಆತು ಬಂದಿದ್ದು. ಹಿಡೀರಿ," ಎಂದು ಕುಡುಗೋಲು ಚಾಚಿದರು. ಬಾಮೈದ ಮೀಸೆ ತಿರುವುತ್ತ ಮುಂದೆ ಬಂದ. ನಾನು ಓಡಿ ನಡುವೆ ನಿಂತು, ಇವರು ಒತ್ತುವರಿದಾರರಲ್ಲ, ನಮ್ಮ ಭಾವ, ಸ್ವಲ್ಪ ಹೀಗೆ ಎಂದು ತಲೆಯ ಹತ್ತಿರ ಕೈ ಆಡಿಸಿ ಸನ್ನೆ ಮಾಡಿದೆ. ಆದರೆ ಭಾವ ಅವರಿಬ್ಬರ ಕೈ ಹಿಡಿದು ಎಳೆದುಕೊಂಡು ತಾರಸಿಗೇ ಹೋದರು. ಮೇಲಿನಿಂದ ಹುಲ್ಲು ತೋರಿಸಿದರು, ಗಾಳಿ ಬೀಸುವ ದಿಕ್ಕು ತೋರಿಸಿದರು, ಅರ್ಧ ಹಾಕಿದ ಹಲಗೆ ತೋರಿಸಿದರು. ಇಳಿದು ಬರುವಾಗ ಹಜಾರದಲ್ಲಿ ಅಕ್ಕ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಕೋಲು ತಟ್ಟುತ್ತಿದ್ದಳು. ಮಾಲೀಕರು ಅವಳ ಮಂಡಿಗೆ ಸುತ್ತಿದ ಪಟ್ಟಿ ನೋಡಿದರು. ಹತ್ತು ನಿಮಿಷದ ಮೇಲೆ ನೋಡುತ್ತೇನೆ, ಮಾಲೀಕರು ಪ್ಯಾಂಟು ಮಡಚಿಕೊಂಡು, ಬಾಮೈದ ಮೀಸೆಗೆ ಕರವಸ್ತ್ರ ಕಟ್ಟಿಕೊಂಡು, ಮೂವರೂ ಸಾಲಾಗಿ ಹುಲ್ಲು ಕೊಯ್ಯುತ್ತಿದ್ದಾರೆ! ಹೋಗುವಾಗ ಮಾತ್ರ ಮಾಲೀಕರು ಆ ಗುಂಡುಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಹೋದರು.

ಅದಾದ ಕೆಲವೇ ದಿನಕ್ಕೆ ಭಾವ ಆಯುಷ್ಯವಿಡೀ ಕಾದಿದ್ದ ಬೆಂಕಿ ಬಂದೇ ಬಂತು. ಒಂದು ಮಧ್ಯಾಹ್ನ ಯಾರೋ ಸೈಟಿನ ಆಚೆ ತುದಿಯಲ್ಲಿ ಕಸಕ್ಕೆ ಕಡ್ಡಿ ಗೀರಿದ್ದರು. ಗಾಳಿ ಇತ್ತ ಕಡೆಗೇ ಬೀಸುತ್ತಿತ್ತು. ಉಳಿದಿದ್ದ ಹುಲ್ಲಿಗೆ ಹತ್ತಿದ ಉರಿ ಚಟಪಟ ಎನ್ನುತ್ತ ಓಡಿ ಬಂತು. ಅಕ್ಕ ಕಿಟಕಿ ಹಿಡಿದು ನಿಂತಿದ್ದಳು. ಭಾವ ಎರಡು ಕೈಯಲ್ಲಿ ಎರಡು ಬಕೆಟ್ ಮರಳು ಹಿಡಿದು, ಯುದ್ಧಕ್ಕೆ ಹೊರಟವರ ಹಾಗೆ ಕಾಂಪೌಂಡಿನ ಹತ್ತಿರ ನಿಂತರು. ಉರಿ ಬಂತು, ಇವರು ಕೊಯ್ದು ಬೋಳು ಮಾಡಿದ್ದ ಜಾಗದ ಅಂಚಿಗೆ ಬಂತು, ತಿನ್ನಲು ಏನೂ ಸಿಗದೆ ಅಲ್ಲೇ ಆರಿಹೋಯಿತು. ಭಾವನ ಮುಖದಲ್ಲಿ ಅಂಥ ನಿರಾಸೆಯನ್ನು ನಾನು ಎಂದೂ ಕಂಡಿರಲಿಲ್ಲ. ಎತ್ತಿದ ಬಕೆಟ್ಟನ್ನು ಸುಮ್ಮನೆ ಇಳಿಸಲು ಮನಸ್ಸು ಬಾರದೆ ಮರಳನ್ನು ನನ್ನ ಕಾಲ ಮೇಲೆ ಸುರಿದುಬಿಟ್ಟರು. ಅಕ್ಕ ಕಿಟಕಿಯಲ್ಲೇ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೆಲ ಮುಗಿಯಿತು, ಹೆಂಚು ಕೂತಿತು. ಆದರೆ ಭಾವ ಬಿಟ್ಟುಕೊಡಬೇಕಲ್ಲ! ದಿನಾ ಬೆಳಿಗ್ಗೆ ಸ್ಕ್ರೂ ಬಿಗಿ ಮಾಡುವುದು, ಸಂಜೆ ಅದನ್ನೇ ಸಡಿಲ ಮಾಡಿ ಮತ್ತೆ ಬಿಗಿ ಮಾಡುವುದು. ಹಲಗೆಯ ಅಂಚು ಉಜ್ಜುವುದು, ಮಕ್ಕಳ ಕಾಲಿಗೆ ಸಿಬಿರು ಚುಚ್ಚೀತೆಂದು ತಮ್ಮ ಅಂಗಾಲನ್ನೇ ಇಂಚಿಂಚಿಗೂ ಎಳೆದು ನೋಡುವುದು. ರಜ ಶುರುವಾಗಿ, ಮಕ್ಕಳ ತಾಯಂದಿರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಅಕ್ಕ ನನಗೆ ಫೋನು ಮಾಡಿ, ಭಾನುವಾರದೊಳಗೆ ನೆಲ ಬಿಟ್ಟುಕೊಡದಿದ್ದರೆ ಕ್ಲಾಸು ಇಲ್ಲವೆಂದು ಎಲ್ಲರಿಗೂ ಹೇಳಿಬಿಡುತ್ತೇನೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೆಲ ಬಂದರೂ ತನ್ನ ಕಾಲು ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಇತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನು ತಮ್ಮನಾದದ್ದಕ್ಕೆ ಗೊತ್ತಾಯಿತು.

ಭಾನುವಾರ ನಾನು ಹೋದಾಗ ನಡುಮಧ್ಯಾಹ್ನ. ಹೊರಗೆ ರಸ್ತೆಯ ಡಾಂಬರು ಕರಗುತ್ತಿತ್ತು. ತಾರಸಿಗೆ ಹೋದರೆ ಹೆಂಚಿನ ಕೆಳಗೆ ಏನು ನೆರಳು ಅಂತೀರಿ! ಗಾಳಿ ತಣ್ಣಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿತ್ತು. ಭಾವ ಅಕ್ಕನನ್ನೂ ಮೇಲಕ್ಕೆ ಕರೆಸಿದ್ದರು. ಅವಳು ಕಂಬಿ ಹಿಡಿದು ನಿಧಾನವಾಗಿ ಬಂದು, ನೆಲದ ಅಂಚಿನಲ್ಲಿ ನಿಂತಿದ್ದಳು, ಹಲಗೆಯ ಮೇಲೆ ಕಾಲಿಟ್ಟಿರಲಿಲ್ಲ.

ಭಾವ ತಮ್ಮ ತಕರಾರು ವಿವರಿಸಿದರು. ಯಾವುದೋ ಒಂದು ಹಲಗೆ ಸಡಿಲ ಇದೆಯೆಂದು ಅವರ ಅನುಮಾನ. ನಡೆದರೆ ಗೊತ್ತಾಗುವುದಿಲ್ಲ, ಹೆಜ್ಜೆ ತಟ್ಟಬೇಕು. ಕಾರ್ಖಾನೆಯಲ್ಲಿ ಯಂತ್ರಕ್ಕೆ ಕಿವಿ ಹಚ್ಚಿದರೆ ಒಳಗಿನ ಒಂದು ನಟ್ಟು ಸಡಿಲವಾದರೂ ತಿಳಿಯುತ್ತಿತ್ತಂತೆ, ಹಾಗೆಯೇ ಇದನ್ನೂ ಕೇಳಬೇಕಂತೆ. ಇಷ್ಟು ಹೇಳಿ ಆ ಮನುಷ್ಯ ನೆಲದ ಮೇಲೆ ಬೋರಲು ಮಲಗಿ ಹಲಗೆಗೆ ಕಿವಿ ಹಚ್ಚಿಯೇಬಿಟ್ಟರು.

"ಹೂಂ. ತಟ್ಟು," ಎಂದರು.

"ನನ್ ಕೈಲಿ ಆಗತ್ತೋ ಇಲ್ವೋ ಗೊತ್ತಿಲ್ಲ ಕಣ್ರೀ," ಎಂದಳು ಅಕ್ಕ.

"ಸಣ್ಣಂಗ ತಟ್ಟು. ನಾ ಕೇಳಸ್ಕೋತೀನಿ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು. ಹೊನ್ನೆಯ ಹಲಗೆ ಹೆಜ್ಜೆಯನ್ನು ಮೆತ್ತಗೆ ತೆಗೆದುಕೊಂಡು ಮೆತ್ತಗೆ ಹಿಂದಕ್ಕೆ ಕೊಟ್ಟಿತು. ಅವಳು ಮಂಡಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಯಾರ ಕಡೆಯೂ ನೋಡಲಿಲ್ಲ. ಗೆಜ್ಜೆಯಿಲ್ಲ, ಹಾಡಿಲ್ಲ, ಬಾಯಲ್ಲೇ ಸಣ್ಣಗೆ ತಾಳ ಹೇಳಿಕೊಂಡು ನೆಲದ ಈ ತುದಿಯಿಂದ ಆ ತುದಿಗೆ ಹೋದಳು, ತಿರುಗಿದಳು, ಅಲ್ಲಿಂದ ಇಲ್ಲಿಗೆ ಬಂದಳು. ಮಲಗಿದ್ದ ಗಂಡನನ್ನು ಸುತ್ತಿಕೊಂಡು ಹೋದಳು. ಬಾಗಬೇಕಾದ ಕಡೆ ಪೂರ್ತಿ ಬಾಗಲಿಲ್ಲ, ಕೂರಬೇಕಾದ ಕಡೆ ಪೂರ್ತಿ ಕೂರಲಿಲ್ಲ. ಆದರೂ ಅವಳು ಕುಣಿದಳು. ಅಷ್ಟು ಚೆಂದ ಅವಳು ಯಾವ ವೇದಿಕೆಯ ಮೇಲೂ ಕುಣಿದದ್ದನ್ನು ನಾನು ನೋಡಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ.

ಮುಗಿದಾಗ ಅಕ್ಕನಿಗೆ ಏದುಸಿರು. ಮಂಡಿ ಹಿಡಿದು ನಗುತ್ತಿದ್ದಳು. "ಎಲ್ಲಿ ಸಡಿಲ ಇದೆ? ಗೊತ್ತಾಯ್ತಾ?" ಎಂದು ಕೇಳಿದಳು.

ಭಾವ ಏಳಲಿಲ್ಲ. ಮುಖ ಹಲಗೆಯ ಕಡೆಗೆ ತಿರುಗಿತ್ತು, ಭುಜ ಸ್ವಲ್ಪ ಅಲುಗುತ್ತಿತ್ತು. ಕಿವಿಯ ಹತ್ತಿರ ಹಲಗೆ ಒದ್ದೆಯಾಗಿತ್ತು. ತಲೆ ಎತ್ತದೆಯೇ ಹೇಳಿದರು.

"ಸರಿಯಾಗಿ ಕೇಳಸ್ಲಿಲ್ಲ. ಇನ್ನೊಮ್ಮೆ ಮಾಡು."